ಮೊದಲ ಸಂಬಳದ ರಸೀದಿ

…ಹೆಸರು ಹೇಳಿದೆ ನೀನು, ನಕ್ಷತ್ರ ಹೇಳಿದೆ. ಮಗಳ ಹೆಸರಲ್ಲಿ ರುದ್ರಾಭಿಷೇಕ ಯಾತಕ್ಕೆ ಅಂತ ಹೇಳಲಿಲ್ಲವಲ್ಲ ಬೆಟ್ಟಸ್ವಾಮಿ. ಅದನ್ನ ಬರೀದೆ ರಸೀದಿ ಕೊಟ್ಟರೆ ಅರ್ಚಕರು ಸಂಕಲ್ಪದಲ್ಲಿ ಏನಂತ ಹೇಳಬೇಕು? ಮದುವೆ ಗೊತ್ತಾಯ್ತಾ ಜೀವಿತಾಗೆ? ಇಲ್ಲ. ಮೈಗೆ ಹುಷಾರಿಲ್ಲವಾ? ಅದೂ ಅಲ್ಲ. ಹಂಗಾದರೆ ಮೊದಲ ಸಂಬಳ.

ಯಾಕಪ್ಪ ಬಾಗಿಲ ಕಡೆ ನೋಡ್ತೀಯ? ಸಂತೋಷದ ಸುದ್ದಿ ತಾನೆ. ಶಿವನ ಮುಂದೆ ಇಡದೆ ಮೊದಲ ಸಂಬಳ ನಾವು ಯಾರು ಮುಟ್ಟಿದ್ದೀವಿ ಹೇಳು. ಎಲ್ಲಿ ಕೆಲಸ ಅಂತ ನಾನು ಕೇಳೋದೇ ಇಲ್ಲ. ವ್ಯಾನು ಏಳು ಗಂಟೆಗೆ ಬತ್ತದೆ, ಅಷ್ಟರೊಳಗೆ ಪೂಜೆ ಮುಗೀಬೇಕು ಅಂತ ನೀನೇ ಅಂದೆಯಲ್ಲ. ಈ ಕಂದಿಕೆರೆ ಊರಿಗೆ ಬರೋದು ಒಂದೇ ವ್ಯಾನು. ಶಂಭುಲಿಂಗಯ್ಯನ ಕೊಬ್ಬರಿ ಪುಡಿ ಫ್ಯಾಕ್ಟರಿದು.

ಬರೆದೆ ನೋಡು. ‘ಶಂಭುಲಿಂಗಯ್ಯನವರ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದಕ್ಕೆ.’ ಇಲ್ಲೊಂದು ಸಹಿ ಹಾಕು. ಮುಂಚೆ ಕೇಳ್ತಿರಲಿಲ್ಲ, ಈಗ ಕೇಳ್ತೀವಿ… ಹಾಂ. ಅಷ್ಟೇ.

ಫೋಟೋನಾ? ಏನಿಲ್ಲ, ಲೆಕ್ಕಕ್ಕೆ. ಕೂತ್ಕೋ, ಅರ್ಚಕರಿಗೆ ಇನ್ನೂ ಹೊತ್ತಿದೆ.

ನೆನಪಿದೆಯಾ, ತಿಪಟೂರಲ್ಲಿ ನನ್ನ ಕೆಲಸ ಕೊಡಿಸೋ ಆಫೀಸಿಗೆ ಅವಳನ್ನ ನೀನೇ ಕರಕೊಂಡು ಬಂದಿದ್ದೆ. ಲ್ಯಾಬ್ ಕೆಲಸಕ್ಕೆ ಶಂಭುಲಿಂಗಯ್ಯನ ಹತ್ತಿರ ಕಳಿಸಿದವನು ನಾನು. ವಾರ ಬಿಟ್ಟು ಅವರು ಫೋನ್ ಮಾಡಿ, ‘ಹುಡುಗಿ ನಮಗೆ ಹೊಂದಲ್ಲ ಕಣ್ರೀ ಏಕಾಂತಯ್ಯನೋರೇ’ ಅಂದರು. ಆಯ್ತು ಬುಡಿ ಅಂದೆ. ನಾನು ತೋರಿಸಿದವರನ್ನ ಸೇರಿಸಿಕೊಂಡರೆ ನನಗೆ ಕಮಿಷನ್ ಕೊಡಬೇಕು. ಬೇಡ ಅಂದುಬಿಟ್ಟರೆ ಕೊಡಬೇಕಾಗಿಲ್ಲ.

ಆದರೆ ಕೆಲಸ ಸಿಗದವರು ಸುಮ್ಮನಿರಲ್ಲ ಬೆಟ್ಟಸ್ವಾಮಿ. ಸೋಮವಾರ ಬಂತೆಂದರೆ ಫೋನ್ ಮಾಡ್ತಾರೆ, ಎಲ್ಲಾದರೂ ಖಾಲಿ ಇದೆಯಾ ಅಣ್ಣಾ ಅಂತ. ನಿನ್ನ ಮಗಳು ನಾಲ್ಕು ಸೋಮವಾರದಿಂದ ಮಾಡಲಿಲ್ಲ. ನನಗೆ ಗೊತ್ತಾಗದಂಗೆ ಅವರೇ ಸೇರಿಸಿಕೊಂಡಿದ್ದಾರೆ ಅಂತ ಅಲ್ಲೇ ನನಗೆ ಅನುಮಾನ ಬಂತು. ಅನುಮಾನ ಹಿಡಕೊಂಡು ಶಂಭುಲಿಂಗಯ್ಯನ ಮುಂದೆ ಹೋಗೋಕಾಗ್ತದಾ? ಕಾಗದ ಬೇಕು. ತಂದೆಯದೇ ಸಹಿ ಇರೋ ಕಾಗದ.

ಕೈ ಯಾಕೆ ಚಾಚ್ತೀಯ? ಪುಸ್ತಕ ದೇವಸ್ಥಾನದ್ದು, ಹಾಳೆ ಹರಿಯೋ ಹಂಗಿಲ್ಲ.

ಏನಂದಿದ್ದರು ಅವರು? ಏಕಾಂತಯ್ಯನ ಕಿವಿಗೆ ಬಿದ್ದ ದಿನ ಹುಡುಗಿ ಮನೇಲಿರ್ತಾಳೆ ಅಂತ ತಾನೆ? ಎಲ್ಲರಿಗೂ ಹಂಗೇ ಅಂತಾರೆ. ನಾನು ಹೇಳ್ತೀನಿ ಅವರಿಗೆ, ಹುಡುಗಿದೇನೂ ತಪ್ಪಿಲ್ಲ ಅಂತ. ಮಾತು ಕೇಳ್ತಾರೆ… ಕೇಳಬಹುದು.

ಫೋಟೋ ಅವರಿಗೆ ಕಳಿಸಿಲ್ಲ, ಇನ್ನೂ ಕಳಿಸಿಲ್ಲ. ಹಂಗೆ ನೋಡಬೇಡ ಕಣಪ್ಪ. ಎರಡು ವರ್ಷದಿಂದ ಬಿಡಿಗಾಸು ಮುಟ್ಟದೆ ಈ ಕಿಟಕೀಲಿ ಕೂತಿದ್ದೀನಿ. ಬೆಳಿಗ್ಗೆ ಎದ್ದು, ವಿಭೂತಿ ಹಚ್ಚಿಕೊಂಡು… ಸೇವೆ ಅಂತಲೇ ಕೂತದ್ದು.

ಬಯ್ಯೋದಾದರೆ ಬಯ್ಯಿ.

ಬೆಟ್ಟಸ್ವಾಮಿ.

ಆಯ್ತು… ಕಳಿಸಿದೆ. ನೀನು ಪೆನ್ನು ಕೆಳಗಿಡೋ ಮುಂಚೆನೇ ಕಳಿಸಿದೆ. ಈ ಜಾಗವನ್ನೂ ಯಾರೂ ನನಗೆ ವಹಿಸಲಿಲ್ಲ, ನಾನೇ ಕೇಳಿ ತಗೊಂಡೆ. ಫ್ಯಾಕ್ಟರಿಯವರು ಎಷ್ಟೇ ಮುಚ್ಚಿಟ್ಟರೂ ನಮ್ಮ ಜನ ಮೊದಲ ಸಂಬಳಕ್ಕೆ ಇಲ್ಲಿಗೆ ಬಂದೇ ಬತ್ತಾರೆ ಅಂತ ನನಗೆ ಗೊತ್ತಿತ್ತು. ನಿನ್ನ ಮಗಳಿಗೆ ಮುಂಚೆ ಇದೇ ಪುಸ್ತಕದಲ್ಲಿ ಐದು ಜನ ಸಿಕ್ಕಿದರು. ಐವರ ಪರವಾಗಿಯೂ ಮಾತಾಡ್ತೀನಿ ಅಂತಲೇ ಅಂದಿದ್ದೆ.

ಒಬ್ಬರೂ ಈಗ ಆ ಕೆಲಸದಲ್ಲಿಲ್ಲ.