ಹಿತ್ತಲಿಗೆ ಹೋಗದ ಒಲೆ

ಫಿಲಿಪ್ಪೀನ್ಸ್‌ನ ಇಲೊಇಲೊ ಪಟ್ಟಣದಲ್ಲಿ, ಜೀಪ್ನಿ ಎಂಬ ಬಾಡಿಗೆ ಜೀಪಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದಿದ್ದ ತಾಯಿ-ಮಗಳ ಮಾತನ್ನು ಕೇಳಿದಂತೆಯೇ ದಾಖಲಿಸಿದ್ದೇನೆ. ಒಳಾಂಗಣ ವಿನ್ಯಾಸ ಓದುವ ಮಗಳು ಲಿವಾಯ್ ಅಂತಿಮ ಪರೀಕ್ಷೆಗೆಂದು ತಾನು ಮಾಡಿದ, ಹಜಾರದಲ್ಲೇ ಒಲೆಯಿರುವ ರಟ್ಟಿನ ಮಾದರಿ ಮನೆಯನ್ನು ಹಿಡಿದಿದ್ದಳು.

“ಒಲೆ ಹಿತ್ತಲಿಗೆ ಹಾಕೇ ಲಿವಾಯ್, ಇಲ್ದಿದ್ರೆ ಫೇಲಾಗ್ತೀಯ.”

“ಆಗ್ಲಿ ಬಿಡಮ್ಮ.”

“ಎಲ್ಲರ ಮನೇಲೂ ಮುಂದೆ ನೆಂಟ್ರಿಗೆ ತೋರ್ಸೋ ಅಡುಗೆಮನೆ, ನಿಜವಾಗಿ ಬೇಯ್ಸೋದು ಹಿಂದೆ ಹಿತ್ತಲಲ್ಲಿ. ನಿಂಗೊಬ್ಳಿಗೇ ಬೇರೆ ಬುದ್ಧಿ!”

“ಹಬ್ಬದ ದಿನವೂ ನಮ್ಮ ನಗು ನಿಂಗೆ ಗೋಡೆಯಾಚೆಯಿಂದ್ಲೇ ಕೇಳ್ಸಿದ್ದು. ನಾನು ಹಾಗೆ ಕಟ್ಟಲ್ಲ.”

“ಒಣಮೀನು ಹುರಿದ್ರೆ ಸೋಫಾ ನಾರುತ್ತಲ್ಲೇ!”

“ತಿನ್ನೋವಾಗ ನಾರಲ್ವಾ? ದೊಡ್ಡ ಕಿಟಕಿ ಇಟ್ಟಿದೀನಿ.”

ಜೀಪ್ನಿ ಬಂದಾಗ ತಾಯಿ ರಟ್ಟಿನ ಮನೆಯನ್ನು ಮಗಳ ಕೈಯಿಂದ ತಾನೇ ತೆಗೆದುಕೊಂಡು ಚಾಲಕನ ಪಕ್ಕದ ಸೀಟು ಹತ್ತಿದಳು.

“ಹಿಂದೆ ಜಾಗ ಇದೆ, ಅಕ್ಕಾ,” ಎಂದ ಚಾಲಕ.

“ಇರ್ಲಿ. ನಮ್ಮ ಒಲೆ ಮುಂದೇನೇ ಕೂರೋದು. ನೀನು ಹೊರಡು!”