ಸುಳ್ಳು ಮಷೀನಿನ ಬಾಗಿಲು

ಉಟ್ರೆಕ್ಟ್ ನಗರದ ಹೆರಿಂಗ್ ಮೀನಿನ ಗಾಡಿಯ ಮುಂದೆ ಸಾಲು ನಿಂತಿತ್ತು. ಆಲ್ಟ್ಯೆಯ ಮುಂದಿದ್ದ ಹುಡುಗಿ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ತೋಳಿನ ಮೇಲೆ ಹೊತ್ತಿದ್ದಳು. ಜೊತೆಗಾರ ಅದರೊಳಕ್ಕೇ ತಲೆ ತೂರಿಸಿದ್ದ. ಮೂವತ್ತು ವರ್ಷ ಟ್ರಾಮ್ ಓಡಿಸಿದ್ದ ಆಲ್ಟ್ಯೆಗೆ ಪರರ ಮಾತಿಗೆ ಕಿವಿ ಮುಚ್ಚಿಕೊಳ್ಳುವುದು ಗೊತ್ತೇ ಇರಲಿಲ್ಲ.

"ಹಸಿರು! ವೀಟ್ಸ್ಕೆ, ಪಾಸಾಯ್ತು! ಹಾಕ್ಬಿಡೋಣ."

"ಸುಮ್ನಿರೋ ಶೂರ್ಡ್. ಇದು ಲ್ಯಾಪ್‌ಟಾಪ್ ಒಳಗಿನ ಸುಳ್ಳು ಲಿನಕ್ಸ್ ಮಷೀನು. ನಿಜವಾದ್ದು ದ್ವೀಪದ ಪಂಪ್‌ಹೌಸಲ್ಲಿದೆ."

"ಎರಡೂ ಹುಟ್ಟೋದು ಒಂದೇ ಫೈಲಿಂದ ತಾನೇ? ಅದರಲ್ಲಿ ಬರೆದಿದ್ದೇ ಇಲ್ಲೂ, ಅಲ್ಲೂ."

"ಅದಕ್ಕೇ ಭಯ. ಪಾಸ್‌ವರ್ಡ್ ತೆಗೆದುಹಾಕಿದೀವಿ, ಇನ್ನು ಒಳಗೆ ಹೋಗೋಕೆ ಡಿಜಿಟಲ್ ಕೀಲಿ ಒಂದೇ ದಾರಿ. ನಮ್ಮ ಕೀಲಿ ತಪ್ಪಾಗಿದ್ರೆ ನಮ್ಮನ್ನೇ ಒಳಗೆ ಬಿಡಲ್ಲ. ಹೋದ್ವರ್ಷದ ಥರ ದೋಣಿ ಹತ್ತಿ ಹೋಗ್ತೀಯಾ?"

"ಪರೀಕ್ಷೆ ಪಾಸಾಯ್ತಲ್ಲ ತಾಯಿ!"

"ಆ ಪರೀಕ್ಷೆ ಬರೆದೋನು ನೀನು! ಈಗ ಫೈಲಲ್ಲಿರೋ ನಮ್ಮ ಕೀಲಿಯ ಸಾಲನ್ನ ಬೇಕಂತಲೇ ಅಳಿಸ್ತೀನಿ. ಆಗಲೂ ಹಸಿರೇ ಬಂದ್ರೆ ನಿನ್ನ ಪರೀಕ್ಷೆಗೆ ಕಣ್ಣೇ ಇಲ್ಲ ಅಂತ."

"ಸರಿಯಾಗಿರೋದನ್ನ ಕೆಡಿಸ್ತೀಯಾ?"

"ಸುಳ್ಳು ಮಷೀನು ಇರೋದೇ ಕೆಡಿಸೋಕೆ."

ಗಿರಾಕಿಗಳ ಸಾಲು ಮುಂದೆ ಸರಿಯಿತು. ಅವರು ಕದಲಲಿಲ್ಲ; ಆಲ್ಟ್ಯೆಯೂ ಕದಲಲಿಲ್ಲ. ಮೀನಿನವನು ಎರಡು ಸಲ "ಈರುಳ್ಳಿ ಹಾಕ್ಲಾ?" ಎಂದು ಕೂಗಿದ.

"ಮಷೀನು ಎದ್ದಿದೆ... ಪರೀಕ್ಷೆ ಅದರ ಬಾಗಿಲು ತಟ್ತಿದೆ..."

"ಬಿಡ್ಬೇಡ, ಒಳಗೆ ಬಿಡ್ಬೇಡ..."

"ಕೆಂಪು!"

ಇಬ್ಬರೂ ತಬ್ಬಿಕೊಂಡು ಕುಣಿದರು. ಅಳಿಸಿದ ಸಾಲನ್ನು ವೀಟ್ಸ್ಕೆ ನಿಂತಲ್ಲೇ ಮತ್ತೆ ಬರೆದಳು. ಆಮೇಲೆ ಮೀನನ್ನೂ ಮರೆತು ಸೈಕಲ್‌ಗಳ ಕಡೆ ಓಡಿದರು.

"ಅಂದ್ರೆ ನನ್ನ ಪರೀಕ್ಷೆ ಚೆನ್ನಾಗಿದೆ ತಾನೇ?" ಶೂರ್ಡ್ ಓಡುತ್ತಲೇ ಕೇಳಿದ.

"ಕೀಲಿ ಇಲ್ದಾಗ ಫೇಲ್ ಮಾಡ್ತಲ್ಲೋ, ಇನ್ನೇನು ಬೇಕು!"