ನೀಲಗಂಗವ್ವ ತುಂಬಿಟ್ಟ ಬೋಗಾಣಿ

ತಾಯಂದಿರೇ, ಹಿರಿಯರೇ, ಪ್ರಸಾದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ದಾಸೋಹದ ಸಾರಿನ ವಾಸನೆ ಇಲ್ಲಿಯವರೆಗೂ ಬಂದಿದೆ. ಹಿಂದಿನ ಸಾಲಿನವರ ಮನಸ್ಸು ಆಗಲೇ ಎದ್ದು ಹೋಗಿದೆ, ನನಗೆ ಕಾಣುತ್ತದೆ. ಮನಸ್ಸು ಅಲ್ಲೇ ಇರಲಿ, ಕಿವಿ ಮಾತ್ರ ಇಲ್ಲಿ ಕೊಡಿ. ಇವತ್ತಿನ ಕಥೆಯೂ ಅಡುಗೆಮನೆಯದೇ.

ನಮ್ಮ ಸೀಮೆಯ ಕಡೆಯೇ, ಊರು ಯಾವುದಾದರೇನು, ಪಾತ್ರೆ ಮಾಡಿ ದೊಡ್ಡವನಾದ ಒಬ್ಬ ಸಾಹುಕಾರ ಇದ್ದ. ಅವನ ಹೆಸರು ಕೇಳಬೇಡಿ. ಸಾಹುಕಾರರ ಹೆಸರು ಹೇಗೂ ಎಲ್ಲ ಕಡೆ ಬರೆದೇ ಇರುತ್ತದೆ. ಅವನ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿರಲಿಲ್ಲ ಹೇಳಿ? ಒಂದರೊಳಗೊಂದು ಕೂರುವ ಏಳು ಡಬ್ಬಿ, ಮಡಚಿದರೆ ಅಂಗೈಯಗಲವಾಗುವ ಜರಡಿ, ಮುಚ್ಚಳವೇ ತಟ್ಟೆಯಾಗುವ ಬುತ್ತಿಡಬ್ಬಿ. ತಲೆ ಇದ್ದವನೇ. ದೇವರು ಕೊಟ್ಟ ಬುದ್ಧಿ, ಅದನ್ನು ನಾನು ಹಳಿಯುವುದಿಲ್ಲ. ಆದರೆ ನೋಡಿ, ಆ ಮನುಷ್ಯ ಹುಟ್ಟಿದಾಗಿನಿಂದ ಒಂದು ಸಲವೂ ಒಲೆಯ ಮೇಲಿನ ಪಾತ್ರೆಯನ್ನು ಕೆಳಗಿಳಿಸಿದವನಲ್ಲ. ಒಂದು ಸಲವೂ!

ಸಾಹುಕಾರನ ಹೆಸರು ಬೇಡ ಎಂದೆ. ಆದರೆ ಅವನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ತಾಯಿಯ ಹೆಸರು ಬೇಕು. ನೀಲಗಂಗವ್ವ. ನೆನಪಿಟ್ಟುಕೊಳ್ಳಿ, ಕೊನೆಗೆ ಕೇಳುತ್ತೇನೆ. ನೂರಿಪ್ಪತ್ತು ಜನಕ್ಕೆ ದಿನಾ ರೊಟ್ಟಿ, ಪಲ್ಯ, ಸಾರು. ಹಿಂದಿನ ವರ್ಷ ಕುದಿಯುವ ಸಾರು ಇಳಿಸುವಾಗ ಬಲಗೈ ಮೇಲೆ ಚೆಲ್ಲಿ, ಮಣಿಕಟ್ಟಿನಿಂದ ಬೆರಳಿನವರೆಗೆ ಚರ್ಮ ಸುಕ್ಕುಗಟ್ಟಿತ್ತು. ಆ ಕೈಯ ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಗಂಡನಿಲ್ಲದ ಹೆಣ್ಣುಮಗಳು, ಆ ಕೈಯನ್ನೇ ನಂಬಿ ಬದುಕಿದವಳು. ಇನ್ನೊಂದು ಸಲ ಸುಟ್ಟರೆ ಕೈಯೂ ಹೋಯಿತು, ಕೆಲಸವೂ ಹೋಯಿತು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಸಾಹುಕಾರ ಸಾರು ಕುದಿಸುವ ಹೊಸ ಬೋಗಾಣಿಯೊಂದನ್ನು ಎತ್ತಿಕೊಂಡು ಕ್ಯಾಂಟೀನಿಗೇ ಬಂದ. ಹಾಸ್ಟೆಲು, ಕಲ್ಯಾಣ ಮಂಟಪಗಳಿಗೆಂದು ಮಾಡಿಸಿದ ದೊಡ್ಡ ಬೋಗಾಣಿ. ಪುಣೆಯಿಂದ ಕರೆಸಿದ ವಿನ್ಯಾಸಗಾರ ಆರು ತಿಂಗಳು ಕೂತು ಬರೆದದ್ದು. ಏನು ಹೊಳಪು, ಏನು ಮಾಟ! ಎರಡು ಕಡೆ ಬಳೆಯಂಥ ತೆಳ್ಳಗಿನ ಹಿಡಿ, ಅತ್ತಿತ್ತ ಆಡುವಂಥದ್ದು. ಅಲುಗಿಸಿದರೆ ಝಣ್ ಎನ್ನುತ್ತಿತ್ತು. ಸಾಹುಕಾರ ಎರಡೇ ಬೆರಳಲ್ಲಿ ಎತ್ತಿ ಝಣ್ ಅನ್ನಿಸಿದ. ವಿನ್ಯಾಸಗಾರ ಎತ್ತಿ ಝಣ್ ಅನ್ನಿಸಿದ. ಜೊತೆಗಿದ್ದ ಮ್ಯಾನೇಜರೂ ಎತ್ತಿ ಝಣ್ ಅನ್ನಿಸಿದ. ಎಲ್ಲರೂ ಮಕ್ಕಳ ಹಾಗೆ ನಕ್ಕರು.

ನೀಲಗಂಗವ್ವ ಕೇಳಿದಳು, “ಸಾಹುಕಾರ್ರ, ಇದನ್ನ ತುಂಬಿಸಿ ಎತ್ತಿ ನೋಡೀರೇನ್ರಿ?”

ಸಾಹುಕಾರನಿಗೆ ರೇಗಿತು. “ನಿನಗೇನ ತಿಳೀತೈತಿ ಇದರಾಗ? ಇಂಥಾ ಡಿಸೈನು ಯಾರೂ ಮಾಡಿಲ್ಲ. ಬರೂ ಸೋಮವಾರ ಊರೂರಿಂದ ಕೊಳ್ಳೋರು ಬರ್ತಾರ. ಅವರ ಮುಂದ ನೀ ಇದರಾಗ ಸಾರು ಮಾಡಿ ಬಡಸಬೇಕು. ಹಳೇ ಬೋಗಾಣಿ ಎಲ್ಲಾ ಕರಗಸೂದು.”

“ಯಪ್ಪಾ, ಹಿಡಿ ಆಡ್ತಾವ್ರಿ. ತುಂಬಿದ್ರ ಕೈಯಾಗ ನಿಲ್ಲಂಗಿಲ್ಲ. ಮುಚ್ಚಳ ಜಾರತೈತಿ.”

“ಒಲ್ಲೆ ಅಂದ್ರ ಬ್ಯಾರೆ ಕಡೆ ಕೆಲಸ ನೋಡ್ಕೊ,” ಎಂದು ಹೇಳಿ ಸಾಹುಕಾರ ಹೊರಟೇಹೋದ. ಬೋಗಾಣಿ ಮಾತ್ರ ಅಲ್ಲೇ ಕಟ್ಟೆಯ ಮೇಲೆ ಮಿಂಚುತ್ತ ಕೂತಿತು.

ಈಗ ಆ ತಾಯಿ ಏನು ಮಾಡಬೇಕು? ನೀವೇ ಹೇಳಿ. ಮಾಡುತ್ತೇನೆ ಎಂದರೆ ಕೈ ಸುಡುತ್ತದೆ, ಒಲ್ಲೆ ಎಂದರೆ ಒಲೆಯೇ ಆರುತ್ತದೆ. ಅವಳು ಹೆದರಿದಳು, ಸುಳ್ಳೇಕೆ ಹೇಳಲಿ. ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡಳು. ಆಮೇಲೆ ಎದ್ದು ವೆಲ್ಡಿಂಗ್ ಶೆಡ್ಡಿಗೆ ಹೋದಳು. ಅಲ್ಲಿ ಮಾಬೂಸಾಬ ಎಂಬ ಹಳೆಯ ಕೆಲಸಗಾರ. ಹದಿನೆಂಟು ವರ್ಷ ಅವಳ ಕೈಯ ಸಾರು ಉಂಡವನು.

“ಮಾಬೂ ಅಣ್ಣಾ, ತೊಟ್ಟಿಲದಾಗಿನ ಕೂಸಿನ್ನ ಎತ್ತದಂಗ ತೂಗತೀವಿಲ್ಲೋ, ಹಂಗ ಬೋಗಾಣಿ ಎತ್ತದಂಗ ಬಗ್ಗಸಾಕ ಬರತೈತೇನು?”

ಮಾಬೂಸಾಬ ಗಡ್ಡ ಕೆರೆದುಕೊಂಡ. “ಬರದ ಏನ ಮಾಡತೈತಿ ಯಕ್ಕಾ? ನಿನ್ನ ಹಳೇ ಬೋಗಾಣಿ ತಗೊಂಡ ಬಾ.”

ನಾಲ್ಕು ದಿನ, ಊಟದ ಬಿಡುವಿನಲ್ಲಿ, ಗುಜರಿ ಕಬ್ಬಿಣದಲ್ಲಿ ಕೆಲಸ ನಡೆಯಿತು. ಒಲೆಯನ್ನು ಸುತ್ತುವರಿದು ನಿಲ್ಲುವ ನಾಲ್ಕು ಕಾಲಿನ ಒಂದು ಚೌಕಟ್ಟು. ನೆಗ್ಗಿದ ಬೋಗಾಣಿಯ ಎರಡು ಪಕ್ಕಕ್ಕೆ ಎರಡು ಗಟ್ಟಿ ಮೋಟು ಗೂಟ, ಅವು ಚೌಕಟ್ಟಿನ ಮೇಲೆ ಕೂರುವಂತೆ. ಹಿಂದೆ ಬುಡದ ಹತ್ತಿರ ಮರ ಸುತ್ತಿದ ಒಂದು ಹಿಡಿ, ಮುಚ್ಚಳಕ್ಕೆ ಒಂದು ಕೊಕ್ಕೆ. ಅಷ್ಟೇ. ಆ ಹಿಡಿಯನ್ನು ಮೇಲಕ್ಕೆ ತಳ್ಳಿದರೆ ಬೋಗಾಣಿ ನಿಧಾನವಾಗಿ ಬಾಗುತ್ತಿತ್ತು. ಕೈ ಬಿಟ್ಟರೆ ತಾನಾಗಿ ನೆಟ್ಟಗೆ ಕೂರುತ್ತಿತ್ತು. ಚಂದ ಇತ್ತೇ? ಇರಲಿಲ್ಲ. ಝಣ್ ಅನ್ನುತ್ತಿತ್ತೇ? ಇಲ್ಲ, ಕಿರ್ ಅನ್ನುತ್ತಿತ್ತು!

ಸೋಮವಾರ ಬಂತು. ಕೊಳ್ಳುವವರು ಇಪ್ಪತ್ತು ಮಂದಿ. ಅವರಲ್ಲಿ ಒಬ್ಬ ಹಿರಿಯ ಹೆಂಗಸು, ಒಂಬತ್ತು ಹಾಸ್ಟೆಲು ನಡೆಸುವವಳು. ಒಂದು ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪಕ್ಕದ ಒಲೆಯ ಮೇಲೆ ಹೊಸ ಬೋಗಾಣಿ, ಬಾಯಿತನಕ ತುಂಬಿ, ಮುಚ್ಚಳ ಮುಚ್ಚಿ ಕೂತಿತ್ತು. ನೀಲಗಂಗವ್ವ ಪಕ್ಕದಲ್ಲೇ ನಿಂತಿದ್ದಳು. ಸಾಹುಕಾರ, “ಹೂಂ, ಎತ್ತಿ ಬಡಸು,” ಎಂದ.

ಅವಳು ಕೈಮುಗಿದಳು. “ಇಂಥಾ ಹೊಸಾ ಪಾತ್ರಿಗೆ ಮೊದಲ ಕೈ ಮಾಲಕರದ ಇರ್ಲಿ ಯಪ್ಪಾ. ನೀವ ಎತ್ತಿ ಒಂದೀಟ ಬಗ್ಗಸ್ರಿ.”

ನೋಡಿ, ನೋಡಿ ಜಾಣತನ! ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? ಸಾಹುಕಾರ ನಗುತ್ತ ತೋಳು ಏರಿಸಿದ. ಎರಡು ಬಳೆಹಿಡಿ ಹಿಡಿದ. ಎತ್ತಿದ. ಒಂದು ಗೇಣು ಎದ್ದಿತು. ಬಗ್ಗಿಸಿದ. ಹಿಡಿಗಳು ತಿರುಗಿದವು, ಬೋಗಾಣಿ ತನ್ನಷ್ಟಕ್ಕೆ ತಾನೇ ವಾಲಿತು, ಮುಚ್ಚಳ ಜಾರಿತು, ಒಳಗಿದ್ದದ್ದೆಲ್ಲ ದಬದಬನೆ ಸಾಹುಕಾರನ ಎದೆ, ಹೊಟ್ಟೆ, ಕಾಲಿನ ಮೇಲೆ!

“ಸತ್ತೆ! ಸುಟ್ಟೆ! ಅಯ್ಯಯ್ಯೋ ಸುಟ್ಟೆ!” ಎಂದು ಸಾಹುಕಾರ ಕುಣಿದಾಡಿದ. ಕೊಳ್ಳುವವರು ಹೌಹಾರಿದರು. ವಿನ್ಯಾಸಗಾರ ಓಡಿಬಂದ. ಸಾಹುಕಾರ ಕುಣಿದ, ಕುಣಿದ, ಆಮೇಲೆ ನಿಂತ. ಎದೆ ಮುಟ್ಟಿ ನೋಡಿಕೊಂಡ. ಕೈ ಮೂಸಿ ನೋಡಿಕೊಂಡ.

ತಣ್ಣೀರು!

ಬೆಳಗ್ಗೆ ಅವಳ ಮನಸ್ಸಿನಲ್ಲಿ ಒಂದು ಗಳಿಗೆ, ಕುದಿಯುವುದನ್ನೇ ತುಂಬಿಡಲೇ ಎಂದು ಬಂದಿತ್ತು. ಬರುವುದಿಲ್ಲವೇ? ಮನುಷ್ಯಳಲ್ಲವೇ? ಆದರೆ ತನ್ನ ಸುಟ್ಟ ಕೈಯನ್ನು ಒಮ್ಮೆ ನೋಡಿಕೊಂಡಳು, ಇಂಥದ್ದು ವೈರಿಗೂ ಬೇಡ ಎಂದುಕೊಂಡಳು, ಕೊಳಾಯಿ ತಿರುಗಿಸಿ ತಣ್ಣೀರು ತುಂಬಿದಳು, ಕೆಳಗಿನ ಒಲೆ ಹಚ್ಚಲೇ ಇಲ್ಲ. ಕೈ ನೋಡಿಕೊಂಡ ಆ ಗಳಿಗೆಗೆ ನಾನು ಇಲ್ಲಿಂದಲೇ ಶರಣು ಎನ್ನುತ್ತೇನೆ.

ಈಗ ಅವಳು ಹೆದರಲಿಲ್ಲ. ಬಲಗೈ ಮುಂದೆ ಚಾಚಿದಳು. “ನಿಮ್ಮ ಮೈಮ್ಯಾಲ ಬಿದ್ದದ್ದು ತಣ್ಣೀರ್ರಿ, ಸಾಹುಕಾರ್ರ. ನನ್ನ ಕೈಮ್ಯಾಲ ಬಿದ್ದದ್ದು ಕುದಿಯೂ ಸಾರು. ಇನ್ನೊಬ್ಬಾಕಿ ಕೈಮ್ಯಾಲ ಬೀಳಬಾರದು, ಅದಕ್ಕ ಹಿಂಗ ಮಾಡೀನಿ. ಬ್ಯಾರೆ ಕೆಲಸ ನೋಡ್ಕೋ ಅಂದ್ರ ಇವತ್ತ ನೋಡ್ಕೋತೀನಿ.”

ಒಂಬತ್ತು ಹಾಸ್ಟೆಲಿನ ಹಿರಿಯಳು ಮುಂದೆ ಬಂದು ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. “ಹಂಗಾದ್ರ ಎಂಥಾ ಬೋಗಾಣಿ ಇರಬೇಕವ್ವಾ? ತೋರಸು,” ಎಂದಳು. ನೀಲಗಂಗವ್ವ ಕುದಿಯುವ ಸಾರಿನ ಒಲೆಯತ್ತ ನಡೆದಳು. ಅದರ ಮೇಲಿದ್ದದ್ದು ಯಾವುದು? ಮಾಬೂಸಾಬನ ಚೌಕಟ್ಟಿನ ಹಳೆಯ ಬೋಗಾಣಿ! ಮುಷ್ಟಿ ಮುಚ್ಚದ ಅದೇ ಕೈಯಿಂದ, ಬರೀ ಅಂಗೈಯಿಂದ, ಹಿಡಿಯನ್ನು ಮೇಲಕ್ಕೆ ತಳ್ಳಿದಳು. ಕಿರ್ ಎಂದಿತು. ಸಾರು ಒಂದು ಹನಿ ಆಚೆ ಈಚೆ ಆಗದೆ ತಂಬಿಗೆಗೆ ಇಳಿಯಿತು. ಕೈ ಬಿಟ್ಟಳು, ಬೋಗಾಣಿ ತಾನೇ ನೆಟ್ಟಗಾಯಿತು. ಬಾಗಿಲಲ್ಲಿ ನಿಂತಿದ್ದ ನೂರಿಪ್ಪತ್ತು ಕೆಲಸಗಾರರು ಹೊಡೆದ ಚಪ್ಪಾಳೆಗೆ ತಗಡಿನ ಸೂರು ನಡುಗಿತು. ಮಾಬೂಸಾಬ ಅಳುತ್ತಿದ್ದ, ನಗುತ್ತಲೂ ಇದ್ದ.

“ನಮಗ ಇದ ಬೇಕು,” ಎಂದಳು ಹಿರಿಯಳು. “ನಮಗೂ,” ಎಂದರು ಉಳಿದವರು.

ಸಾಹುಕಾರನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಒದ್ದೆ ಅಂಗಿಯಲ್ಲೇ ನಿಂತು, “ನೀಲವ್ವಾ, ಖಾಲಿ ಪಾತ್ರಿ ಎತ್ತಿ ಎತ್ತಿ ನನ್ನ ತಲಿನೂ ಖಾಲಿ ಆಗಿತ್ತು,” ಎಂದ. ಅಂದಿನಿಂದ ಆ ಕಾರ್ಖಾನೆಯಲ್ಲಿ ಒಂದೇ ಕಟ್ಟಳೆ: ಯಾವ ಹೊಸ ಪಾತ್ರೆಯಾದರೂ ತುಂಬಿ, ಬಿಸಿ ಮಾಡಿ, ನೀಲಗಂಗವ್ವನ ಎದುರು ಎತ್ತಿ, ಅವಳು ಸೈ ಎಂದ ಮೇಲೆಯೇ ಹೊರಗೆ ಹೋಗಬೇಕು. ನಕ್ಷೆ ಬರೆಯುವ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಬಂತು. ಪುಣೆಯ ವಿನ್ಯಾಸಗಾರ ತಿಂಗಳೊಪ್ಪತ್ತು ಅವಳ ಕೈಕೆಳಗೆ ಸಾರು ಬಡಿಸಿ ಕಲಿತ. ಆ ಬಾಗುವ ಬೋಗಾಣಿಯ ಮೇಲೆ, ಸಾಹುಕಾರ ತನ್ನ ಹೆಸರು ಕೊರೆಸುತ್ತಿದ್ದ ಜಾಗದಲ್ಲಿ, ಈಗ ಯಾರ ಹೆಸರಿದೆ? ಹೇಳಿ. ಜೋರಾಗಿ ಹೇಳಿ. ಹಾಂ! ನೀಲಗಂಗವ್ವ!

ಸಾಹುಕಾರನನ್ನು ನೋಡಿ ನಕ್ಕಿರಲ್ಲ, ಈಗ ನಾನು ನಿಮ್ಮ ಕಡೆ ತಿರುಗುತ್ತೇನೆ. ನಮ್ಮ ದಾಸೋಹದ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆದಿದೆ, ಸಂತೋಷ. ಆದರೆ ಅದರಲ್ಲಿ ಬೇಯಿಸುವವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮನೆಯಲ್ಲಿ ಅನ್ನದ ಪಾತ್ರೆ ನಿಮ್ಮ ತಟ್ಟೆಯ ಹತ್ತಿರ ಬಂದಾಗಲೇ ನಿಮಗೆ ಕಾಣುವುದು. ಒಲೆಯಿಂದ ಅಲ್ಲಿಯವರೆಗೆ ಅದನ್ನು ಹೊತ್ತ ಕೈಯನ್ನು ಯಾವತ್ತಾದರೂ ತಿರುಗಿಸಿ ನೋಡಿದ್ದೀರಾ? ಇವತ್ತು ರಾತ್ರಿ ನೋಡಿ. ಊಟಕ್ಕೆ ಕೂರುವ ಮೊದಲು ಒಳಗೆ ಹೋಗಿ, ತುಂಬಿದ ಪಾತ್ರೆಯನ್ನು ನೀವೇ ಇಳಿಸಿ. ಯಾವುದರ ಹಿಡಿ ಸಡಿಲ, ಯಾವುದು ಸುಡುತ್ತದೆ ಎಂದು ಕೇಳಿ, ನಾಳೆಯೇ ಸರಿಮಾಡಿಸಿ. ಅಂಗಡಿಯಲ್ಲಿ ಹೊಸದು ಕೊಳ್ಳುವಾಗ ಹೊಳಪು ನೋಡುವ ಮೊದಲು, ಅದನ್ನು ಹಿಡಿಯುವವರನ್ನು ಕರೆದು ಮುಂದೆ ನಿಲ್ಲಿಸಿ.

ಇಲ್ಲ, ರಾತ್ರಿಯವರೆಗೆ ಯಾಕೆ? ಒಳಗೆ ಬೆಳಗಿನಿಂದ ಬೆಂಕಿಯ ಮುಂದೆ ನಿಂತ ತಾಯಂದಿರೇ, ಹೊರಗೆ ಬನ್ನಿ. ಮೊದಲ ಪಂಕ್ತಿ ಇವತ್ತು ನಿಮ್ಮದು. ಗಂಡಸರೇ, ಏಳಿ, ತೋಳು ಏರಿಸಿ. ಬೋಗಾಣಿಗಳು ತುಂಬಿವೆ. ನೆನಪಿರಲಿ, ಒಳಗಿರುವುದು ತಣ್ಣೀರಲ್ಲ.